ಅಜ್ಜಿ ಹೇಳಿದ ಯುದ್ಧ

ಝಾಕ್ ತಾರ್ದಿ ಅವರ ಅಜ್ಜ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸಾದಾ ಸಿಪಾಯಿ. ಒಂದು ರಾತ್ರಿ ನೆಲಕ್ಕೆ ಬಿದ್ದು ಕೈಯೂರಿದಾಗ, ಆ ಕೈ ಸತ್ತವನೊಬ್ಬನ ಹೊಟ್ಟೆಯೊಳಗೆ ಇಳಿದಿತ್ತು. ಅಜ್ಜ ಇದನ್ನು ಮೊಮ್ಮಗನ ಮುಂದೆ ಬಾಯಿಬಿಡಲಿಲ್ಲ. ಹೇಳಿದವಳು ಅಜ್ಜಿ. 1946ರಲ್ಲಿ ವಾಲಾನ್ಸ್ ಪಟ್ಟಣದಲ್ಲಿ ಹುಟ್ಟಿದ ಆ ಹುಡುಗ ಮುಂದೆ ಫ್ರಾನ್ಸಿನ ದೊಡ್ಡ ಚಿತ್ರಕಥೆಗಾರನಾದ. ಅಜ್ಜಿಯ ಆ ಮಾತು ಮಾತ್ರ ಅವರನ್ನು ಬಿಡಲಿಲ್ಲ. ಕಂದಕದ ಯುದ್ಧವನ್ನು ಅವರು ಮತ್ತೆ ಮತ್ತೆ ಬರೆದರು.

ಬೆಳಗಾವಿ ಪಕ್ಕದ ನಮ್ಮ ಪೀರನವಾಡಿಯಲ್ಲಿ ಖಾನಾಪುರದ ರಸ್ತೆಯೂ ಜಾಂಬೋಟಿಯ ರಸ್ತೆಯೂ ಕವಲೊಡೆಯುತ್ತವೆ. ಇಲ್ಲಿ ಸಂಗೊಳ್ಳಿ ರಾಯಣ್ಣನ ಪುತ್ಥಳಿಯಿದೆ, ವೃತ್ತಕ್ಕೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ. ಪುತ್ಥಳಿಯ ಕುರಿತು ನಡೆದ 2020ರ ಆಗಸ್ಟಿನ ಜಗಳದ ನಂತರ ಎರಡೂ ಕಡೆಯವರು ಕೂತು ಒಪ್ಪಿದ್ದು ಅದು. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇದೇ ಖಾನಾಪುರ ತಾಲ್ಲೂಕಿನ ಊರು. ಹೀಗಾಗಿ ನಮ್ಮ ಕಡೆ ಯುದ್ಧದ ಚಿತ್ರ ಎಂದರೆ ಖಡ್ಗ ಹಿರಿದ ವೀರ. ಕ್ಯಾಲೆಂಡರಿನಲ್ಲಿ ಅವನೇ, ಅಮರ ಚಿತ್ರಕಥೆಯ ಮುಖಪುಟದಲ್ಲೂ ಅವನೇ. ಇದರಲ್ಲಿ ತಪ್ಪೇನಿಲ್ಲ. ವೀರನನ್ನು ನೆನೆಯುವ ಊರಿಗೆ ಅವನ ಮುಖ ಕಣ್ಣೆದುರು ಬೇಕು. ಆದರೆ ವೀರನ ಬೆನ್ನಿಗೆ ನಡೆದು ಹೋದ ಸಾವಿರಾರು ಜನರ ಮುಖ ಬರೆಯುವವರು ಯಾರು? ತಾರ್ದಿ ಬರೆದದ್ದು ಅವರನ್ನೇ. ಅದಕ್ಕೇ ಈ ವಾರ ಅವರ ಪುಸ್ತಕಗಳನ್ನು ನಮ್ಮ ಜಿಲ್ಲೆಯ ಓದುಗರ ಮುಂದಿಡುತ್ತಿದ್ದೇನೆ.

ಅವರ ಮಹತ್ವದ ಕೃತಿ 1993ರಲ್ಲಿ ಬಂತು. ಇಂಗ್ಲಿಷಿನಲ್ಲಿ ಅದು 'ಇಟ್ ವಾಸ್ ದಿ ವಾರ್ ಆಫ್ ದಿ ಟ್ರೆಂಚಸ್' ಎಂದು 2010ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ಎರಡು ಐಸ್ನರ್ ಪ್ರಶಸ್ತಿ ಪಡೆಯಿತು. ಕಪ್ಪು, ಬಿಳುಪು, ಬೂದು ಬಿಟ್ಟರೆ ಅದರಲ್ಲಿ ಬೇರೆ ಬಣ್ಣವಿಲ್ಲ. ಪುಟ ತೆರೆದ ಕೂಡಲೇ ಗಮನಕ್ಕೆ ಬರುವುದು ಅದರ ಕಟ್ಟು: ಒಂದರ ಕೆಳಗೊಂದು ಮೂರು ಅಗಲವಾದ ಚೌಕಟ್ಟುಗಳು, ಪುಟದಿಂದ ಪುಟಕ್ಕೆ ಹೆಚ್ಚುಕಡಿಮೆ ಇದೇ ಲಯ. ಸಾಮಾನ್ಯವಾಗಿ ಚಿತ್ರಕಥೆಗಾರರು ಹೊಡೆದಾಟ ಬಂದಾಗ ಚೌಕಟ್ಟನ್ನು ಓರೆ ಮಾಡುತ್ತಾರೆ, ಒಡೆಯುತ್ತಾರೆ, ದೊಡ್ಡ ಅಕ್ಷರದಲ್ಲಿ 'ಢಮಾರ್' ಎಂದು ಬರೆದು ರೋಚಕ ಮಾಡುತ್ತಾರೆ. ತಾರ್ದಿ ಹಾಗೆ ಮಾಡುವುದಿಲ್ಲ. ಬಾಂಬು ಬಿದ್ದರೂ ಅದೇ ಚೌಕಟ್ಟು, ಸಿಪಾಯಿ ಬ್ರೆಡ್ಡು ತಿನ್ನುತ್ತಿದ್ದರೂ ಅದೇ ಚೌಕಟ್ಟು. ಅಗಲವಾದ ಆ ಜಾಗದಲ್ಲಿ ನೆಲ ಉದ್ದಕ್ಕೂ ಚಾಚಿಕೊಳ್ಳುತ್ತದೆ: ಕೆಸರು, ಮುಳ್ಳುತಂತಿ, ಮುರಿದ ಮರದ ಬೊಡ್ಡೆ, ಅರ್ಧ ಹೂತುಹೋದ ಬೂಟು. ಓದುವವನಿಗೆ ತಲೆ ಎತ್ತಿ ನೋಡಲು ಆಕಾಶ ಸಿಗುವುದಿಲ್ಲ.

ಇಡೀ ಪುಸ್ತಕಕ್ಕೆ ಒಬ್ಬ ನಾಯಕನೆಂಬುದಿಲ್ಲ. ಬಿನೆ ಎಂಬ ಸಿಪಾಯಿ, ಹೋದವನು ಮರಳಿ ಬಾರದ ಜೊತೆಗಾರನನ್ನು ಹುಡುಕುತ್ತ ಎರಡು ಸೇನೆಗಳ ನಡುವಿನ ಹಾಳು ಬಯಲಿಗೆ ಇಳಿಯುತ್ತಾನೆ. ಇನ್ನೊಬ್ಬ, ಶತ್ರುಗಳು ಹಳ್ಳಿಯ ಜನರನ್ನು ಗುರಾಣಿ ಮಾಡಿಕೊಂಡು ಮುಂದೆ ಬಂದಾಗ ಅಧಿಕಾರಿಯ ಹುಕುಮಿನಂತೆ ಗುಂಡು ಹಾರಿಸಿದವನು, ಆಮೇಲೆ ಆ ಪಾಪದ ನೆನಪಿನಿಂದ ಬಿಡಿಸಿಕೊಳ್ಳಲಾರ. ಒಬ್ಬನ ಕಥೆ ಮುಗಿಯುವಷ್ಟರಲ್ಲಿ ಮತ್ತೊಬ್ಬನದು ಶುರು. ಮೊದಲ ಸಲ ಓದುವಾಗ ಇದು ಗೊಂದಲ ಅನ್ನಿಸಬಹುದು. ಯಾರ ಹೆಸರೂ ನೆನಪಿನಲ್ಲಿ ನಿಲ್ಲುವುದಿಲ್ಲ. ಆದರೆ ಅಷ್ಟೊಂದು ಜನ ಹೋದ ಯುದ್ಧವನ್ನು ಹೇಳಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣದು.

2008 ಮತ್ತು 2009ರಲ್ಲಿ ಎರಡು ಭಾಗವಾಗಿ ಬಂದ 'ಗಾಡ್‌ಡ್ಯಾಮ್ ದಿಸ್ ವಾರ್!' ಬಣ್ಣದ ಪುಸ್ತಕ. ಇಲ್ಲಿ ಮಾತಿನ ಗುಳ್ಳೆಗಳಿಲ್ಲ. ಪ್ಯಾರಿಸಿನ ಒಬ್ಬ ಕಾರ್ಖಾನೆ ಕಾರ್ಮಿಕ ಸಿಪಾಯಿಯಾಗಿ ತನ್ನ ಪಾಡನ್ನು ವರ್ಷದಿಂದ ವರ್ಷಕ್ಕೆ ಹೇಳಿಕೊಂಡು ಹೋಗುತ್ತಾನೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವ ನಮ್ಮವರಿಗೆ ಅವನ ಧಾಟಿ ಪರಿಚಿತ ಅನ್ನಿಸೀತು. ಮೇಲಿನವರ ಬಗ್ಗೆ ಸಿಟ್ಟು, ಪಕ್ಕದವನ ಬಗ್ಗೆ ಕಕ್ಕುಲತೆ, ಬಾಯಲ್ಲಿ ಬೈಗುಳ. 1914ರಲ್ಲಿ ಫ್ರೆಂಚ್ ಸಿಪಾಯಿ ಹೊರಟಿದ್ದು ಕೆಂಪು ಪ್ಯಾಂಟು, ನೀಲಿ ಕೋಟಿನಲ್ಲಿ. ದೂರದಿಂದಲೇ ಗುರಿಗೆ ಸಿಗುವ ಬಣ್ಣ. ತಾರ್ದಿ ಆ ಕೆಂಪನ್ನು ಮೊದಲ ಪುಟಗಳಲ್ಲಿ ಕಣ್ಣು ಕುಕ್ಕುವಂತೆ ಬಳಿದು, ವರ್ಷ ಕಳೆದಂತೆ ಬಣ್ಣ ಹಿಂಡುತ್ತ ಹೋಗುತ್ತಾರೆ. ಕೊನೆಗೆ ಉಳಿಯುವುದು ಮಣ್ಣಿನ ಬೂದು. ಟೊಪ್ಪಿಗೆ ಹೋಗಿ ಉಕ್ಕಿನ ಹೆಲ್ಮೆಟ್ ಬಂದದ್ದು 1915ರಲ್ಲಿ. ಅದೂ ಸರಿಯಾದ ಪುಟದಲ್ಲೇ ಬರುತ್ತದೆ. ಈ ಖಚಿತತೆಯ ಹಿಂದೆ ಇತಿಹಾಸಕಾರ ಝಾನ್-ಪಿಯೆರ್ ವೆರ್ನೆ ಇದ್ದಾರೆ. ಅವರು ಜೀವಮಾನವಿಡೀ ಕೂಡಿಟ್ಟ ಯುದ್ಧದ ಸಾಮಾನುಗಳಿಂದಲೇ ಮೋ ಪಟ್ಟಣದಲ್ಲಿ 2011ರ ನವೆಂಬರ್ 11ರಂದು ಮಹಾಯುದ್ಧದ ವಸ್ತುಸಂಗ್ರಹಾಲಯ ತೆರೆಯಿತು.

ಈ ಯುದ್ಧ ಬೆಳಗಾವಿಗೆ ಹೊರಗಿನದೇನಲ್ಲ. ಮರಾಠಾ ಲೈಟ್ ಇನ್ಫಂಟ್ರಿಯ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ, ಸುತ್ತಲಿನ ಹಳ್ಳಿಗಳಲ್ಲಿ ಮಿಲಿಟ್ರಿ ಪಿಂಚಣಿಯ ಮನೆಗಳು ಬೇಕಾದಷ್ಟಿವೆ. ಭಾರತದ ಸುಮಾರು 1.3 ಲಕ್ಷ ಜನ ಫ್ರಾನ್ಸ್, ಬೆಲ್ಜಿಯಂ ರಣರಂಗಕ್ಕೆ ಹೋಗಿದ್ದರು. ಅವರು 1915ರ ಮಾರ್ಚಿನಲ್ಲಿ ಕಾದಿದ ನವ್ ಶಪೆಲ್‌ನಲ್ಲಿ ಸ್ಮಾರಕವಿದೆ. ಮರಾಠಾ ಪಲ್ಟನ್ನುಗಳು ಮುಖ್ಯವಾಗಿ ಹೋದದ್ದು ಮೆಸೊಪೊಟೇಮಿಯಾಕ್ಕೆ, ಇಂದಿನ ಇರಾಕಿಗೆ. ಅಲ್ಲಿನ ಕುಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆ 147 ದಿನ ನಡೆಯಿತು. ಒಳಗೆ ಸಿಕ್ಕಿಕೊಂಡವರಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್ನಿನವರಿದ್ದರು. ಅನ್ನ ತೀರಿ, ಕುದುರೆ ಕೊಂದು ತಿನ್ನುವ ಗತಿ ಬಂದು, 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಹೆಚ್ಚಿನವರು ಭಾರತೀಯರು. ಸೆರೆಯಲ್ಲಿ ಎಷ್ಟೋ ಜನ ತೀರಿಹೋದರು. ಇವರನ್ನು ಯಾವ ಚಿತ್ರಕಥೆಯ ಪುಟದಲ್ಲೂ ನಾನು ಕಂಡಿಲ್ಲ. ನಮ್ಮ ಓಣಿಯ ಹಿರಿಯ ಮಾಜಿ ಸೈನಿಕರೊಬ್ಬರನ್ನು ಅವರ ಕಾಲದ ಯುದ್ಧದ ಬಗ್ಗೆ ಕೇಳಿದರೆ, "ಏನ್ ಹೇಳೂದೈತ್ರಿ, ಹೋಗಿದ್ವಿ, ಬಂದ್ವಿ" ಎಂದು ಚಹಾ ಮುಂದಿಡುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ತಾರ್ದಿಯ ತಂದೆಯೂ ಹೀಗೇ ಬಿಗಿದ ಬಾಯಿಯವರು. ರೆನೆ ತಾರ್ದಿ ಟ್ಯಾಂಕ್ ಪಡೆಯವರು. 1940ರ ಮೇ ತಿಂಗಳಲ್ಲಿ ಜರ್ಮನರ ಕೈಗೆ ಸಿಕ್ಕಿ, ಈಗ ಪೋಲೆಂಡಿಗೆ ಸೇರಿದ ಪೊಮೆರೇನಿಯಾದ ಸ್ಟಾಲಾಗ್ 2-ಬಿ ಶಿಬಿರದಲ್ಲಿ ಸುಮಾರು ನಾಲ್ಕೂಮುಕ್ಕಾಲು ವರ್ಷ ಸೆರೆಯಾಳಾಗಿದ್ದರು. ಸೋತು ಬಂದವನೆಂಬ ಕಹಿ ಅವರನ್ನು ಬಿಡಲಿಲ್ಲ. ಮಗ ಬಿಡದೆ ಕೇಳಿದ್ದಕ್ಕೆ, 1980ರ ದಶಕದಲ್ಲಿ ಶಾಲೆಯ ನೋಟ್‌ಬುಕ್ಕುಗಳಲ್ಲಿ ನೆನಪು ಬರೆದುಕೊಟ್ಟು 1986ರಲ್ಲಿ ತೀರಿಕೊಂಡರು. ಆ ನೋಟ್‌ಬುಕ್ಕುಗಳು ಚಿತ್ರಕಥೆಯಾಗಿ 2012, 2014, 2018ರಲ್ಲಿ ಮೂರು ಸಂಪುಟವಾಗಿ ಬಂದವು.

ಇವುಗಳಲ್ಲಿ ತಾರ್ದಿ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿದೆ. ಆಗಿನ್ನೂ ಹುಟ್ಟಿರದ ತನ್ನನ್ನೇ ಚಡ್ಡಿ ತೊಟ್ಟ ಹುಡುಗನಾಗಿ ಚೌಕಟ್ಟಿನೊಳಗೆ ಬರೆದುಕೊಂಡಿದ್ದಾರೆ. ಅಪ್ಪ ಟ್ಯಾಂಕ್ ಓಡಿಸುವಾಗ ಪಕ್ಕದಲ್ಲಿ ಹುಡುಗ, ಶಿಬಿರದ ತಂತಿಬೇಲಿಯ ಬಳಿ ಹುಡುಗ, ಹಿಮದಲ್ಲಿ ನಡೆಯುವಾಗಲೂ ಹುಡುಗ. ಪ್ರಶ್ನೆ ಕೇಳುತ್ತಾನೆ, ಎದುರು ಮಾತಾಡುತ್ತಾನೆ, ಕೆಲವೊಮ್ಮೆ ಅಪ್ಪನ ಮೇಲೆ ರೇಗುತ್ತಾನೆ. ಅಪ್ಪ ಬದುಕಿದ್ದಾಗ ಕೇಳದೆ ಉಳಿದದ್ದನ್ನೆಲ್ಲ ಮಗ ಚಿತ್ರದೊಳಗೆ ಹೊಕ್ಕು ಕೇಳಿದ. ಮೊದಲ ಸಂಪುಟಕ್ಕೆ ಬಣ್ಣ ತುಂಬಿದವಳು ಅವರ ಮಗಳು ರಾಶೆಲ್. ಹೀಗೆ ಮೂರು ತಲೆಮಾರು ಒಂದೇ ಪುಟಕ್ಕೆ ಬಂತು.

ಉಳಿದ ಕೃತಿಗಳೂ ಕಡಿಮೆಯವಲ್ಲ. 1976ರಲ್ಲಿ ಶುರುವಾದ ಆದೆಲ್ ಬ್ಲಾಂ-ಸೆಕ್ ಸರಣಿಯ ಧೀರೆಯನ್ನು 2010ರ ಲುಕ್ ಬೆಸೊನ್ ಸಿನಿಮಾದಲ್ಲಿ ಕೆಲವರು ನೋಡಿರಬಹುದು. ಸಿನಿಮಾಕ್ಕಿಂತ ಪುಸ್ತಕ ಎಷ್ಟೋ ಪಾಲು ಮೇಲು. ಲೆಯೊ ಮಾಲೆಯ ಪತ್ತೇದಾರಿ ಕಾದಂಬರಿಗಳಿಗೆ ಬರೆದ ಮಳೆ ಹಿಡಿದ ಪ್ಯಾರಿಸ್ ಬೀದಿಗಳು, 1871ರ ಪ್ಯಾರಿಸ್ ಕಮ್ಯೂನ್ ದಂಗೆಯ ನಾಲ್ಕು ಸಂಪುಟ, ಇವೂ ಇವೆ. ಆಂಗುಲೇಮ್ ಚಿತ್ರಕಥಾ ಉತ್ಸವದ ಮಹಾ ಪ್ರಶಸ್ತಿ 1985ರಲ್ಲೇ ಬಂದಿತ್ತು. ಫ್ರಾನ್ಸ್ ಸರ್ಕಾರ 2013ರ ಜನವರಿಯಲ್ಲಿ ಲೀಜನ್ ಆಫ್ ಆನರ್ ಘೋಷಿಸಿದಾಗ ಮಾತ್ರ ಅವರು ಬೇಡವೆಂದರು. ಯಾವ ಅಧಿಕಾರಕ್ಕೂ ಋಣಿಯಾಗದೆ ಸ್ವತಂತ್ರನಾಗಿ ಉಳಿಯಬೇಕೆಂಬುದು ಅವರ ಹಟ. ಪದಕ ತೊಟ್ಟ ಅಧಿಕಾರಿಗಳು ಹುಕುಂ ಕೊಡುವುದನ್ನು ಅಷ್ಟು ಪುಟಗಳಲ್ಲಿ ಬರೆದವರು ಪದಕಕ್ಕೆ ಎದೆ ಒಡ್ಡುವುದಾದರೂ ಹೇಗೆ?

ಮೊದಲು ಯಾವುದನ್ನು ಓದಬೇಕು ಎಂದು ಕೇಳುವವರಿಗೆ ನನ್ನ ಸಲಹೆ: ತಂದೆಯ ಪುಸ್ತಕದ ಮೊದಲ ಸಂಪುಟ. ಇಂಗ್ಲಿಷಿನಲ್ಲಿ ಅದು 'ಐ, ರೆನೆ ತಾರ್ದಿ, ಪ್ರಿಸನರ್ ಆಫ್ ವಾರ್ ಇನ್ ಸ್ಟಾಲಾಗ್ 2-ಬಿ'. ಆ ಹುಡುಗ ಕೈಹಿಡಿದು ಒಳಗೆ ಕರೆದೊಯ್ಯುತ್ತಾನೆ. ಕಂದಕದ ಪುಸ್ತಕವನ್ನು ಆಮೇಲೆ ತೆರೆಯಿರಿ, ಒಂದೇ ಕೂತಲ್ಲಿ ಮುಗಿಸಲು ಹೋಗಬೇಡಿ, ಮಕ್ಕಳ ಕೈಗೆ ಸದ್ಯಕ್ಕೆ ಕೊಡಬೇಡಿ. ಮನೆಯಲ್ಲಿ ಫೌಜಿನಿಂದ ಬಂದ ಅಜ್ಜನಿದ್ದರೆ ಚಿತ್ರಗಳನ್ನು ಅವರ ಮುಂದೆ ಹಿಡಿಯಿರಿ. ಅವರು ಸುಮ್ಮನಿದ್ದರೆ, ಅಜ್ಜಿಯನ್ನು ಕೇಳಿ.