ಶರತ್ಕಾಲದ ಚಿತ್ರಗಳನ್ನು ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅಂತ್ಯದವರೆಗೆ ಕಾಡುಗಳು ಬಣ್ಣ ಬದಲಿಸುತ್ತವೆ. ಆ ದಿನಗಳಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಜನರು ಬೆಟ್ಟದ ದಾರಿಗಳಲ್ಲಿ ನಡೆದಾಡಿ ತೆಗೆದ ಚಿತ್ರಗಳು ಬಂಧುಮಿತ್ರರ ನಡುವೆ ಹಂಚಿಕೆಯಾಗುತ್ತವೆ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮೂಲಕ ಅವು ಕರ್ನಾಟಕದ ಮನೆಗಳನ್ನೂ ತಲುಪುತ್ತವೆ. ಹೊಸ ನೋಡುಗರಿಗೆ ಇವೆಲ್ಲ ಒಂದೇ ಬಗೆಯ ಕೆಂಪು ಹಳದಿಗಳ ರಾಶಿಯಾಗಿ ಕಾಣುವುದು ಸಹಜ. ಆದರೆ ಒಳ್ಳೆಯ ಚಿತ್ರವು ಯಾವ ಮರ, ಯಾವ ವಾರ, ಯಾವ ಹೊತ್ತು ಎಂಬುದನ್ನು ತಿಳಿಸುತ್ತದೆ. ಅದರ ಯೋಗ್ಯತೆಯನ್ನು ಅಳೆಯಬೇಕಾದದ್ದು ಈ ನಿರ್ದಿಷ್ಟತೆಯಿಂದಲೇ ಹೊರತು ಬಣ್ಣದ ಪ್ರಮಾಣದಿಂದಲ್ಲ.

ಬಣ್ಣವನ್ನು ಓದುವುದು

ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಒಡೆದು ಕರಗುತ್ತದೆ. ಆಗ ಬೇಸಗೆಯುದ್ದಕ್ಕೂ ಅದರ ಮರೆಯಲ್ಲಿದ್ದ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯ ಹೊರತೋರುತ್ತದೆ. ಕೆಂಪಿನ ಕಥೆ ಬೇರೆ. ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯವು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಕಾಲದಲ್ಲಿಯೇ ಹೊಸದಾಗಿ ಉತ್ಪತ್ತಿಯಾಗುವುದರಿಂದ, ಬಿಸಿಲಿನ ಹಗಲು ಮತ್ತು ಹಿಮಗಟ್ಟದಷ್ಟು ತಂಪಾದ ರಾತ್ರಿಗಳು ಒದಗಿದ ವರ್ಷ ಅದು ಹೆಚ್ಚು ಗಾಢವಾಗಿರುತ್ತದೆ. ಕಡುಗೆಂಪು ಕಂಡಲ್ಲಿ ಕೆಂಪು ಮೇಪಲ್, ಕಿತ್ತಳೆಯ ಹೊಳಪಿದ್ದಲ್ಲಿ ಸಕ್ಕರೆ ಮೇಪಲ್, ಬಿಳಿಯ ಕಾಂಡದ ಮೇಲೆ ಹಳದಿ ಇದ್ದಲ್ಲಿ ಬರ್ಚ್, ಉಳಿದವು ಉದುರಿದ ಮೇಲೂ ಕಂದುಬಣ್ಣ ನಿಂತಿದ್ದಲ್ಲಿ ಓಕ್ ಮರ ಇರುವ ಸಂಭವ ಹೆಚ್ಚು.

ಕನ್ನಡ ನಾಡಿನ ನೋಡುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಲೆನಾಡಿನ ಸಾಗಡೆ ಮರವು ವಸಂತದಲ್ಲಿ ತಾಳುವ ಕೆಂಪು ಚಿಗುರಿನದು, ನ್ಯೂ ಇಂಗ್ಲೆಂಡಿನ ಮೇಪಲ್ ತಾಳುವ ಕೆಂಪು ಉದುರಲಿರುವ ಎಲೆಯದು. ಎರಡರಲ್ಲೂ ವರ್ಣದ್ರವ್ಯ ಆಂಥೋಸಯಾನಿನ್ ಆಗಿದ್ದರೂ ಋತುಚಕ್ರದಲ್ಲಿ ಅವುಗಳ ಸ್ಥಾನ ಎದುರುಬದುರಾದದ್ದು.

ಬೆಳಕನ್ನು ಗುರುತಿಸುವುದು

ಒಂದೇ ಮರ ಬೇರೆ ಬೇರೆ ಬೆಳಕಿನಲ್ಲಿ ಬೇರೆ ಬೇರೆ ಚಿತ್ರವಾಗುತ್ತದೆ. ಸೂರ್ಯನು ಎಲೆಗಳ ಹಿಂದಿದ್ದು ಕಿರಣಗಳು ಅವುಗಳ ಮೂಲಕ ಹಾದುಬರುವ ಎದುರುಬೆಳಕಿನಲ್ಲಿ ನರಗಳು ಸ್ಪಷ್ಟವಾಗಿ, ಬಣ್ಣ ಪಾರದರ್ಶಕವಾಗಿ ಕಾಣುತ್ತವೆ. ಮೋಡ ಕವಿದ ದಿನದ ಸಮಬೆಳಕಿನಲ್ಲಿ ನೆರಳುಗಳು ಮಾಯವಾಗಿ, ತೊಗಟೆ, ಪಾಚಿ ಮತ್ತು ತರಗೆಲೆಗಳ ಸೂಕ್ಷ್ಮ ಛಾಯಾಭೇದಗಳು ಮೇಲೇಳುತ್ತವೆ. ಮಳೆಯಲ್ಲಿ ನೆನೆದ ಎಲೆಗಳ ಮೇಲಿನ ಬಿಳಿ ಹೊಳಪನ್ನು ಪೋಲರೈಸರ್ ಎಂಬ, ಮಸೂರದ ಮುಂದೆ ತಿರುಗಿಸುವ ಗಾಜು ತಗ್ಗಿಸುತ್ತದೆ. ಚಿತ್ರ ತೆಗೆದ ಮೇಲೆ ವರ್ಣಸಾಂದ್ರತೆಯನ್ನು, ಅಂದರೆ ಬಣ್ಣದ ತೀವ್ರತೆಯನ್ನು, ಅತಿಯಾಗಿ ಏರಿಸಿದಾಗ ಮೊದಲು ಕೆಡುವುದು ಕೆಂಪೇ. ಎಲೆಯ ನರಗಳೂ ಅಂಚುಗಳೂ ಅಳಿಸಿ ಸಪಾಟಾದ ಕಲೆ ಉಳಿದಿದ್ದರೆ, ಹಸಿರಾಗಿಯೇ ಉಳಿಯಬೇಕಾದ ಪೈನ್ ಮರಗಳು ಹಳದಿಗೆ ತಿರುಗಿದ್ದರೆ, ಬಣ್ಣ ಕಾಡಿನದಲ್ಲ, ತಿದ್ದಿದವರದು ಎಂದು ತಿಳಿಯಬೇಕು.

ದೂರ ಮತ್ತು ಸಮೀಪ

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಪರ್ವತಗಳ ನಡುವೆ ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 55 ಕಿಲೋಮೀಟರ್ ಸಾಗುವ ಕಾಂಕಮಾಗಸ್ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ನೋಡುವ ತಾಣಗಳು ಹಲವು ಇರುವುದರಿಂದ, ಕಣಿವೆಯ ವಿಶಾಲ ದೃಶ್ಯವೇ ಹೆಚ್ಚಿನವರ ಚಿತ್ರವಾಗುತ್ತದೆ. ಇದಕ್ಕೆ ಬೇರೊಂದು ದಾರಿ ತೋರಿದವರು ವೈದ್ಯಕೀಯ ಕಲಿತು ಛಾಯಾಗ್ರಹಣಕ್ಕೆ ಬಂದ ಎಲಿಯಟ್ ಪೋರ್ಟರ್ (1901–1990). ಇಲ್ಲಿನ ಋತುಗಳನ್ನು ತೋರುವ ಅವರ ಬಣ್ಣದ ಛಾಯಾಚಿತ್ರಗಳು ಲೇಖಕ ಹೆನ್ರಿ ಡೇವಿಡ್ ಥೋರೋ ಅವರ ಗದ್ಯಭಾಗಗಳೊಡನೆ 1962ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆಯಿಂದ ಪುಸ್ತಕವಾಗಿ ಬಂದವು; ಶರತ್ಕಾಲದ ಎಲೆಗಳನ್ನು ಕುರಿತ ಥೋರೋ ಅವರ ಪ್ರಬಂಧ ಪ್ರಕಟವಾಗಿ ಆಗ ಸರಿಯಾಗಿ ನೂರು ವರ್ಷವಾಗಿತ್ತು. ಪೋರ್ಟರ್ ಅವರ ಅನೇಕ ಚಿತ್ರಗಳಲ್ಲಿ ಆಕಾಶವೇ ಇಲ್ಲ. ನೆಲ, ಕಾಂಡ, ನೀರು, ಎಲೆಗಳಿಂದಲೇ ಚೌಕಟ್ಟು ತುಂಬಿರುತ್ತದೆ. ದಿಗಂತವಿಲ್ಲದ ಇಂಥ ಚಿತ್ರದಲ್ಲಿ ಕಣ್ಣಿಗೆ ಒಂದು ಕೇಂದ್ರ ಸಿಗದಿರುವುದು ದೋಷವಲ್ಲ. ಕಣ್ಣು ಅಂಚಿನಿಂದ ಅಂಚಿಗೆ ಸಂಚರಿಸಲಿ ಎಂಬುದೇ ಅದರ ಉದ್ದೇಶವಾದ್ದರಿಂದ, ಅದನ್ನು ನೋಡಲು ಹೆಚ್ಚು ಸಮಯ ಬೇಕು.

ಮಾಲೆಯಾಗಿ ನೋಡುವುದು

ದಿನದ ಸುತ್ತಾಟದ ಚಿತ್ರಗಳು ಬಿಡಿಯಾಗಿ ಬರುವುದು ಕಡಿಮೆ, ಮಾಲೆಯಾಗಿ ಬರುವುದು ಹೆಚ್ಚು. ಆದ್ದರಿಂದ ಅವುಗಳ ಅನುಕ್ರಮವೂ ರಸಗ್ರಹಣದ ವಿಷಯವಾಗುತ್ತದೆ. ವಿಶಾಲ ದೃಶ್ಯ, ನಡುದೂರದ ದಾರಿ, ಸಮೀಪದ ಎಲೆ ಎಂಬ ಮೂರು ಅಂತರಗಳು ಮಾಲೆಯಲ್ಲಿ ಬೆರೆತಿವೆಯೇ, ಬೆಳಗಿನ ಬೆಳಕು ಸಂಜೆಯದಾಗಿ ಬದಲಾಗುವುದು ತಿಳಿಯುತ್ತದೆಯೇ, ಊರು, ಬಿಳಿಯ ಚರ್ಚು, ಕಲ್ಲುಗೋಡೆ, ನಡೆದ ಜನ ಕಾಣುತ್ತಾರೆಯೇ ಎಂದು ಪರೀಕ್ಷಿಸಬೇಕು. ಒಂದೇ ನೋಟದ ಹಲವು ಪ್ರತಿಗಳನ್ನು ಸೇರಿಸಿದ ಮಾಲೆಗಿಂತ ಆರಿಸಿ ಉಳಿಸಿದ ಹತ್ತು ಚಿತ್ರಗಳ ಮಾಲೆ ಮೇಲು. ಪ್ರತಿ ಚಿತ್ರದೊಡನೆ ಸ್ಥಳ, ತಿಂಗಳು ಮತ್ತು ಸಾಧ್ಯವಾದರೆ ಮರದ ಹೆಸರು ಇದ್ದರೆ, ಮುಂದಿನ ವರ್ಷ ಅದೇ ತಾಣದ ಚಿತ್ರದೊಡನೆ ಹೋಲಿಸಲು ಅದು ದಾಖಲೆಯಾಗಿಯೂ ಒದಗುತ್ತದೆ.

ಹೀಗೆ ನೋಡುವ ರಸಿಕರು ಹಂಚಿಕೊಂಡವರಿಗೆ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಮುಗಿಸದೆ, ಇದು ಯಾವ ಮರ, ಯಾವ ಹೊತ್ತಿನ ಬೆಳಕು ಎಂದು ಕೇಳಬೇಕು. ಚಿತ್ರ ತೆಗೆದವರಿಗೆ ಅದಕ್ಕಿಂತ ದೊಡ್ಡ ಮನ್ನಣೆ ಬೇರಿಲ್ಲ.