ಲೇಪದ ಹೆಡರೋ, ಬರಿ ಉಕ್ಕಿನದೋ?

ಹಳೆಯ ಹೋಂಡಾ ಸಿಟಿ 1.5 ವಿಟೆಕ್ ಕಾರನ್ನು ಜತನದಿಂದ ಇಟ್ಟುಕೊಂಡು, ಅದಕ್ಕೊಂದು ಒಳ್ಳೆಯ ಹೆಡರ್ ಕೂರಿಸಬೇಕೆಂದು ಹೊರಟವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಸೆರಾಮಿಕ್ ಲೇಪ ಮಾಡಿಸಿದ ಹೆಡರ್ ತರಬೇಕೋ, ಬರಿ ಪೈಪೇ ಸಾಕೋ? ನನ್ನ ಉತ್ತರ ಆ ಪೈಪು ಯಾವ ಉಕ್ಕಿನದು ಎಂಬುದನ್ನು ಕೇಳಿದ ಮೇಲಷ್ಟೇ ಬರುತ್ತದೆ. ಮೈಲ್ಡ್ ಸ್ಟೀಲ್ ಆದರೆ ಲೇಪ ಬೇಕೇ ಬೇಕು, ಅದೂ ಒಳಗೆ ಹೊರಗೆ ಎರಡೂ ಕಡೆ. 304 ದರ್ಜೆಯ ಸ್ಟೇನ್‌ಲೆಸ್ ಆದರೆ, ಗದಗ ಜಿಲ್ಲೆಯ ರಸ್ತೆಗಳ ಮೇಲೆ ಓಡುವ ಕಾರಿಗೆ ನಾನು ಬರಿ ಪೈಪನ್ನೇ ಆರಿಸುತ್ತೇನೆ. ಬಹಳ ಜನ ಇದನ್ನು ಒಪ್ಪುವುದಿಲ್ಲ, ಹಾಗಾಗಿ ಕಾರಣವನ್ನು ಬಿಡಿಸಿ ಹೇಳಬೇಕು.

ಕಾರ್ಖಾನೆಯಿಂದ ಬರುವ ಎರಕದ ಮ್ಯಾನಿಫೋಲ್ಡ್ ದಪ್ಪ ಗೋಡೆಯದು. ಟ್ರ್ಯಾಕ್ಟರುಗಳಲ್ಲಿ ಅದು ಯಾವ ಲೇಪವೂ ಇಲ್ಲದೆ, ಮೈತುಂಬ ಕಂದು ತುಕ್ಕು ಹೊತ್ತುಕೊಂಡು ದಶಕಗಟ್ಟಲೆ ಬಾಳುವುದನ್ನು ನಮ್ಮ ರೈತರೆಲ್ಲ ನೋಡಿದ್ದಾರೆ. ಮೇಲಿನ ಪದರ ತುಕ್ಕಾದರೂ ಒಳಗೆ ಬೇಕಾದಷ್ಟು ಕಬ್ಬಿಣ ಉಳಿದಿರುತ್ತದೆ. ಹೆಡರ್ ಹಾಗಲ್ಲ. ಒಂದೊಂದು ಸಿಲಿಂಡರಿಗೆ ಒಂದೊಂದು ಬೆಂಡ್ ಪೈಪು, ಸಾಮಾನ್ಯವಾಗಿ 16 ಗೇಜಿನದು. ಗೋಡೆಯ ದಪ್ಪ ಸುಮಾರು 1.6 ಮಿಲಿಮೀಟರ್ ಅಷ್ಟೇ. ಮೈಲ್ಡ್ ಸ್ಟೀಲ್ 550 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಹೊಪ್ಪಳಿಕೆ ಏಳತೊಡಗುತ್ತದೆ. ಪೆಟ್ರೋಲ್ ಎಂಜಿನ್ ಪೂರ್ತಿ ಒತ್ತಡದಲ್ಲಿ ದುಡಿಯುವಾಗ ಹೊಗೆ ಹೆಡ್ಡಿನಿಂದ ಹೊರಬೀಳುವುದೇ 700–850 ಡಿಗ್ರಿಯಲ್ಲಿ. ಹೊರಮೈಯಷ್ಟೇ ಅಲ್ಲ, ಒಳಮೈಯೂ ಹೊಪ್ಪಳಿಕೆ ಬಿಡುತ್ತದೆ. ಆ ಚೂರುಗಳು ಹೊಗೆಯ ಜೊತೆ ಮುಂದೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನ ಬಾಯಿಗೆ ಬೀಳುತ್ತವೆ. ಹೊರಗಷ್ಟೇ ಬಣ್ಣ ಬಳಿದ ಮೈಲ್ಡ್ ಸ್ಟೀಲ್ ಹೆಡರನ್ನು ನಾನು ಯಾರಿಗೂ ಹೇಳದಿರುವುದು ಇದಕ್ಕೇ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಎರೆ ಹೊಲದ ನಡುವಿನ ದಾರಿಯಲ್ಲಿ ಒಮ್ಮೆ ಹೋಗಿ ಬಂದ ಕಾರಿನ ಕೆಳಗೆ ಮಲಗಿ ನೋಡಿ. ನಾಲ್ಕೂ ಪೈಪು ಕೂಡುವ ಕಲೆಕ್ಟರಿನ ಸಂದಿಯಲ್ಲಿ ಕರಿ ಮಣ್ಣು ಮೆತ್ತಿಕೊಂಡು, ಬಿಸಿಗೆ ಸುಟ್ಟು ಗಟ್ಟಿಯಾಗಿರುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಸ್ಕ್ರೂಡ್ರೈವರೇ ಬೇಕು. ಅದರಡಿ ತೇವ ದಿನಗಟ್ಟಲೆ ನಿಲ್ಲುತ್ತದೆ. ಡಂಬಳದ ಕಡೆಯಿಂದ ಮುಂಡರಗಿಗೆ ಹೋಗುವಾಗ ಸಿಗುವ ಮಸಾರಿ, ಗರಸಿನ ದಾರಿಗಳಲ್ಲಿ ಮಣ್ಣು ಇಷ್ಟು ಅಂಟುವುದಿಲ್ಲ, ಆದರೆ ಅಲ್ಲಿ ಕಲ್ಲು ಸಿಡಿಯುತ್ತದೆ. ಕಲ್ಲೇಟಿಗೆ ಲೇಪ ಒಂದು ಸಾಸಿವೆಕಾಳಿನಷ್ಟು ಎದ್ದರೂ ಮೈಲ್ಡ್ ಸ್ಟೀಲಿನಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗಿ ಲೇಪದ ಅಡಿಗೆ ಹರಡುತ್ತದೆ. ಸ್ಟೇನ್‌ಲೆಸ್ಸಿಗೆ ಈ ಎರಡೂ ಅಷ್ಟಾಗಿ ಬಾಧಿಸುವುದಿಲ್ಲ.

ಲೇಪ ಅಂದರೆ ಏನೆಂಬುದು ನಮ್ಮ ಸೀಮೆಯ ಹಳೆಯ ಬೈಕು ಸವಾರರಿಗೆ ಹೊಸ ವಿಷಯವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೂ ಬಂದ ಜಾವಾ, ಯೆಜ್ಡಿಗಳ ಬೆಂಡ್ ಪೈಪುಗಳಿಗೆ ಇದ್ದದ್ದು ಕ್ರೋಮ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಎರಡೂ ಫಳಫಳ. ಆದರೆ ಸಿಲಿಂಡರಿನ ಬಾಯಿ ಹತ್ತಿರದ ಗೇಣುದ್ದ ಮೊದಲು ಹೊಂಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗುತ್ತಿತ್ತು. ಎಷ್ಟು ತಿಕ್ಕಿದರೂ ಆ ನೀಲಿ ಬಹಳ ದಿನ ದೂರ ಉಳಿಯುತ್ತಿರಲಿಲ್ಲ. ಕ್ರೋಮ್ ನೀರನ್ನು ತಡೆಯಲು ಒಳ್ಳೆಯದು, ಬೆಂಕಿಯನ್ನು ತಡೆಯಲು ಹುಟ್ಟಿದ್ದಲ್ಲ.

ಸೆರಾಮಿಕ್ ಲೇಪದಲ್ಲಿ ಮುಖ್ಯವಾಗಿ ಎರಡು ಬಗೆ. ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂ ಬೆರೆತದ್ದು, ಸುಮಾರು 700 ಡಿಗ್ರಿಯವರೆಗೆ ತಾಳುತ್ತದೆ. ಕಪ್ಪು ಅಥವಾ ಬಿಳಿ ಮಂಕು ಮೈಯದು ಸಾವಿರ ಡಿಗ್ರಿಯ ಆಸುಪಾಸಿಗೂ ಅಂಜುವುದಿಲ್ಲ, ಟರ್ಬೊ ಕಾರುಗಳಿಗೆ ಅದೇ ಸರಿ. ಬಣ್ಣ ಬರಿ ಚಂದಕ್ಕಲ್ಲ. ಕಾದ ಪೈಪು ತನ್ನ ಬಿಸಿಯಲ್ಲಿ ದೊಡ್ಡ ಪಾಲನ್ನು ಕಿರಣವಾಗಿ ಸುತ್ತ ಚೆಲ್ಲುತ್ತದೆ. ಹೊಳೆಯುವ ಮೈ ಕಡಿಮೆ ಚೆಲ್ಲುತ್ತದೆ, ಕಪ್ಪು ಮೈ ಹೆಚ್ಚು ಚೆಲ್ಲುತ್ತದೆ. ಟರ್ಬೊ ಇಲ್ಲದ ಕಾರಿಗೆ, ಬಾನೆಟ್ಟಿನಡಿ ತಂಪು ಬೇಕೆಂದು ಲೇಪ ಮಾಡಿಸುವವರು ಬೆಳ್ಳಿ ಬಣ್ಣದ್ದನ್ನು ಬಿಟ್ಟು ಕಪ್ಪಿನ ಗತ್ತಿಗೆ ಮನಸೋಲಬಾರದು.

ತಂಪಿನ ಮಾತು ಬಂತು, ಅದರ ಲೆಕ್ಕ ನೋಡೋಣ. ಸಿಟಿ ವಿಟೆಕ್ ಎಂಜಿನ್ನಿನಲ್ಲಿ ಹೊಗೆ ಹೊರಬೀಳುವ ಮಗ್ಗುಲು ರೇಡಿಯೇಟರಿನ ಕಡೆಗಿದೆ, ಗಾಳಿ ಎಳೆದುಕೊಳ್ಳುವ ಮಗ್ಗುಲು ಹಿಂದಿದೆ. ರೇಡಿಯೇಟರಿನಿಂದ ಈಗಾಗಲೇ ಬಿಸಿಯಾಗಿ ಬಂದ ಗಾಳಿ ಹೆಡರನ್ನು ಸವರಿಕೊಂಡು ಇನ್ನಷ್ಟು ಕಾದು, ಎಂಜಿನ್ನಿನ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಗದಗಿನ ಹೊರಗಾಳಿಯೇ 40 ಡಿಗ್ರಿಯ ಹತ್ತಿರ. ಗಾಳಿ ಸುಮಾರು 3 ಡಿಗ್ರಿ ಹೆಚ್ಚು ಕಾದರೆ ಅದರ ಸಾಂದ್ರತೆ ಶೇ 1ರಷ್ಟು ಇಳಿಯುತ್ತದೆ. ಎಂಜಿನ್ 30 ಡಿಗ್ರಿ ಹೆಚ್ಚು ಬಿಸಿಯಾದ ಗಾಳಿ ಕುಡಿದರೆ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಉಸಿರು ಹೋದಂತೆ. ಹೆಡರ್ ಕೊಡುವ ಲಾಭವನ್ನು ಬಾನೆಟ್ಟಿನ ಬಿಸಿ ಹೀಗೆ ನುಂಗಿಬಿಡಬಲ್ಲದು. ಆದರೆ ಇದಕ್ಕೆ ಮೊದಲ ಮದ್ದು ಲೇಪವಲ್ಲ. ಗಾಳಿ ಎಳೆಯುವ ಕೊಳವೆಯ ಬಾಯನ್ನು ಹೊರಗಾಳಿ ಸಿಗುವ ಕಡೆ ಇಡುವುದು, ಹೆಡರ್ ಮುಂದೆ ತಗಡಿನ ಮರೆಯನ್ನು ಅಂತರ ಬಿಟ್ಟು ಕೂರಿಸುವುದು ಮೊದಲು ಆಗಬೇಕು. ಹೆಡರ್ ಹಾಕುವ ಹುಮ್ಮಸ್ಸಿನಲ್ಲಿ ಕಂಪನಿ ಕೊಟ್ಟ ಮರೆತಗಡನ್ನು ಬಿಚ್ಚಿ ಮೂಲೆಗೆಸೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲೇಪ ಮಾರುವವರು ಇನ್ನೊಂದು ಮಾತು ಹೇಳುತ್ತಾರೆ. ಬಿಸಿ ಒಳಗೇ ಉಳಿದರೆ ಹೊಗೆ ವೇಗವಾಗಿ ಓಡುತ್ತದೆ, ಶಕ್ತಿ ಹೆಚ್ಚುತ್ತದೆ ಎಂದು. ತತ್ವ ಸರಿ. 20 ಡಿಗ್ರಿ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಓಡುವ ಒತ್ತಡದ ಅಲೆ, 600 ಡಿಗ್ರಿಯಲ್ಲಿ ಸುಮಾರು 590 ಮೀಟರ್ ಓಡುತ್ತದೆ. ಹೆಡರಿನ ಉದ್ದವನ್ನು ಈ ವೇಗದ ಮೇಲೆಯೇ ಲೆಕ್ಕ ಹಾಕುತ್ತಾರೆ. ಆದರೆ ಹೊಗೆ ಆ ಮೊಳದುದ್ದದ ಪೈಪಿನಲ್ಲಿ ಇರುವುದು ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಲೇಪ ಉಳಿಸಿಕೊಡುವ ಬಿಸಿ ಡೈನೊ ಮೇಲೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಲ್ಲ. ಸ್ಟೇನ್‌ಲೆಸ್ ಪರವಾಗಿ ಹೇಳುವ ಒಂದು ಮಾತೂ ಇಷ್ಟೇ ಪೊಳ್ಳು. 304 ಉಕ್ಕು ಮೈಲ್ಡ್ ಸ್ಟೀಲಿನ ಮೂರನೇ ಒಂದರಷ್ಟೇ ಬಿಸಿ ಸಾಗಿಸುತ್ತದೆ, ಆದ್ದರಿಂದ ಅದೇ ಬಿಸಿಯನ್ನು ಹಿಡಿದಿಡುತ್ತದೆ ಎನ್ನುತ್ತಾರೆ. ಒಂದೂವರೆ ಮಿಲಿಮೀಟರ್ ಗೋಡೆ ದಾಟಲು ಬಿಸಿಗೆ ಎರಡರಲ್ಲೂ ಹೆಚ್ಚೇನೂ ತ್ರಾಸಿಲ್ಲ.

ಹಾಗಾದರೆ ನಾನು ಬರಿ ಸ್ಟೇನ್‌ಲೆಸ್ ಅನ್ನುವುದೇಕೆ? ಅದರ ಬಣ್ಣಕ್ಕಾಗಿ. ಹೊಸ 304 ಪೈಪು ಬಿಸಿಯುಂಡಂತೆ ಮೈಮೇಲೆ ತೆಳ್ಳನೆಯ ಆಕ್ಸೈಡ್ ಪದರ ಬೆಳೆಯುತ್ತದೆ. 300 ಡಿಗ್ರಿ ಸುಮಾರಿಗೆ ತಿಳಿ ಹಳದಿ, 400ರ ಹತ್ತಿರ ಕಂದು, 450ಕ್ಕೆ ನೇರಳೆ, 540 ದಾಟಿದರೆ ನೀಲಿ. ಕೆಲವು ವಾರ ಓಡಿಸಿ ಬಾನೆಟ್ ಎತ್ತಿ ನಾಲ್ಕೂ ಪೈಪುಗಳನ್ನು ಸಾಲಾಗಿ ನೋಡಬೇಕು. ಮೂರರಲ್ಲಿ ಬಣ್ಣ ಹೆಡ್ಡಿನಿಂದ ಒಂದೇ ದೂರದಲ್ಲಿ ನೇರಳೆಯಿಂದ ಕಂದಿಗೆ ಇಳಿದಿದ್ದು, ನಾಲ್ಕನೆಯದರಲ್ಲಿ ನೀಲಿ ಇನ್ನೂ ನಾಲ್ಕು ಬೆರಳು ಕೆಳಗಿನವರೆಗೆ ಹರಿದಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು. ಇಂಜೆಕ್ಟರ್ ಬಿಚ್ಚಿ ನೋಡಬೇಕು. ಒಂದು ಮಾತ್ರ ಪೇಲವ ಹಳದಿಯಲ್ಲೇ ಉಳಿದಿದ್ದರೆ ಪ್ಲಗ್ಗೋ ಕಾಯಿಲೋ ಸೋತಿದೆ. ರೇಡಿಯೇಟರ್ ಫ್ಯಾನಿನ ಎದುರಿಗಿರುವ ಪೈಪಿನ ಬಣ್ಣ ತುಸು ಬೇರೆಯಾಗುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿದೇ ಓದಬೇಕು. ಹಳೆಯ ಮಿಸ್ತ್ರಿಗಳ ಕಣ್ಣು ಈ ಓದಿನಲ್ಲಿ ಪಳಗಿರುತ್ತದೆ. “ಮೂರನೇದ್ರ ಪೈಪ್ ನೋಡ್ರಿ ಸರ, ಇದೊಂದs ಬ್ಯಾರೆ ಐತಿ” ಎಂದು ಸ್ಕ್ಯಾನರ್ ಹಚ್ಚುವ ಮೊದಲೇ ಬೆರಳು ತೋರಿಸಿಬಿಡುತ್ತಾರೆ. ಲೇಪದ ಅಡಿ ಈ ಬಣ್ಣವೆಲ್ಲ ಮುಚ್ಚಿಹೋಗುತ್ತದೆ.

ಬಿರುಕಿನ ವಿಷಯವೂ ಅಷ್ಟೇ. 60 ಸೆಂಟಿಮೀಟರ್ ಉದ್ದದ 304 ಪೈಪು 600 ಡಿಗ್ರಿ ಕಾದರೆ 6 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಅಷ್ಟೇ ಮೈಲ್ಡ್ ಸ್ಟೀಲ್ ಹಿಗ್ಗುವುದು ಇದಕ್ಕಿಂತ ಕಡಿಮೆ. ಆದ್ದರಿಂದ ಸ್ಟೇನ್‌ಲೆಸ್ ಹೆಡರ್ ಫ್ಲ್ಯಾಂಜಿನ ಬೆಸುಗೆಯಲ್ಲೋ ಕಲೆಕ್ಟರಿನಲ್ಲೋ ಬಿರುಕು ಬಿಡುವ ಸಂಭವ ಹೆಚ್ಚು, ಇದು ಅದರ ನಿಜವಾದ ದೋಷ. ಬರಿ ಪೈಪಿನಲ್ಲಿ ಬಿರುಕಿನ ಬಾಯಿಗೆ ಕಾಡಿಗೆಯ ಸಣ್ಣ ಗೆರೆ ಕಂಡೊಡನೆ ತಿಳಿಯುತ್ತದೆ, ಬಿಚ್ಚಿ ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದು. 308 ಎಲ್ ಕಡ್ಡಿ ಕೇಳಿ. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿರಬೇಕು, ಇಲ್ಲದಿದ್ದರೆ ಒಳಮೈಯಲ್ಲಿ ಬೆಸುಗೆ ಸುಟ್ಟು ಹರಳುಗಟ್ಟಿ ಮತ್ತೆ ಅಲ್ಲೇ ಒಡೆಯುತ್ತದೆ. ಲೇಪವಿದ್ದ ಪೈಪಾದರೆ ಮೊದಲು ಸುತ್ತಲಿನ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಒಳಗಿನದನ್ನು ತೆಗೆಯುವುದು ಇನ್ನೂ ಕಷ್ಟ. ಬೆಸೆದ ಮೇಲೆ ಆ ಜಾಗ ಬರಿಯದಾಗಿಯೇ ಉಳಿಯುತ್ತದೆ.

ಲೇಪದ ಪರವಾಗಿ ನಾನು ಮನಸಾರೆ ಒಪ್ಪುವ ಒಂದು ವಾದ ನಮ್ಮ ರಸ್ತೆಗಳದ್ದೇ. ರಾಶಿ ಕಾಲದಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಡಾಂಬರು ರಸ್ತೆಯೇ ಕಣ. ಹುರಳಿ ಬಳ್ಳಿಯನ್ನು ಅಡ್ಡಲಾಗಿ ಹರವಿರುತ್ತಾರೆ, ಗಾಲಿಗಳು ತುಳಿದು ಕಾಳು ಬಿಡಿಸಲೆಂದು. ಒಣ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಕಾದ ಪೈಪಿಗೆ ತಾಗಿ ಕಾರು ಹೊತ್ತಿ ಉರಿದ ಸುದ್ದಿಗಳನ್ನು ಉತ್ತರ ಕರ್ನಾಟಕದ ಓದುಗರು ಪತ್ರಿಕೆಗಳಲ್ಲಿ ಕಂಡಿದ್ದಾರೆ. ಹೆಡರ್ ಹಾಕಿದ ಕಾರಿನಲ್ಲಿ ಕಲೆಕ್ಟರ್ ಕಂಪನಿಯ ಪೈಪಿಗಿಂತ ಕೆಳಗೆ ಜೋತಿರುವುದುಂಟು, ಮರೆತಗಡೂ ಇರುವುದಿಲ್ಲ. ಲೇಪ ಹೊರಮೈಯ ಬಿಸಿಯನ್ನು ಇಳಿಸುತ್ತದೆ ನಿಜ, ಆದರೆ ಒಣ ಬಳ್ಳಿ ಹೊತ್ತದಷ್ಟು ಇಳಿಸುತ್ತದೆಂದು ಯಾರೂ ನೆಚ್ಚಿಕೊಳ್ಳಬಾರದು. ಬಳ್ಳಿ ದಪ್ಪವಾಗಿದ್ದರೆ ಕಾರು ನಿಲ್ಲಿಸಿ ಪಕ್ಕಕ್ಕೆ ಸರಿಸಲು ಕೇಳಿಕೊಳ್ಳಿ. ದಾಟಿದ ಮೇಲೆ ಇಳಿದು ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದು ಹಾಕಿ. ಕಪ್ಪತಗುಡ್ಡದ ಬುಡದಲ್ಲಿ ಬೇಸಿಗೆಯ ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದಂತೂ ಬೇಡವೇ ಬೇಡ. 2019ರಲ್ಲಿ ವನ್ಯಜೀವಿಧಾಮವಾದ ಆ ಗುಡ್ಡ ಬೇಸಿಗೆಯ ಬೆಂಕಿಗೆ ಈಗಾಗಲೇ ಸಾಕಷ್ಟು ಸುಟ್ಟಿದೆ.

ಪೈಪಿಗೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತುವುದು ಲೇಪಕ್ಕಿಂತ ಅಗ್ಗ, ಬಿಸಿಯನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಮೈಲ್ಡ್ ಸ್ಟೀಲಿಗೆ ಅದು ಕಂಟಕ. ಪಟ್ಟಿ ನೀರು ಹೀರಿಕೊಳ್ಳುತ್ತದೆ, ಪೈಪು ಅದರೊಳಗೆ ಕಾಣದಂತೆ ಕೊಳೆಯುತ್ತದೆ.

ಬಿಎಸ್6 ಕಾರುಗಳ ಒಡೆಯರಿಗೆ ಒಂದು ಮಾತು. 2020ರ ಏಪ್ರಿಲ್ 1ರಿಂದ ಬಂದ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಹೆಡ್ಡಿಗೆ ಅಂಟಿದಂತೆಯೇ ಇರುತ್ತದೆ. ಹೆಡರ್ ಹಾಕಬೇಕೆಂದರೆ ಅದನ್ನು ಕಿತ್ತೆಸೆಯಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ನಾವು ಉಸಿರಾಡುವ ಗಾಳಿಯ ಪ್ರಶ್ನೆಯೂ ಇದು. ಅಂಥ ಕಾರಿಗೆ ಹೆಡರ್ ಬೇಡ.

ಮೈಲ್ಡ್ ಸ್ಟೀಲ್ ಹೆಡರ್ ಕೊಂಡು ಲೇಪಕ್ಕೆ ಕಳಿಸುವವರು ಅದನ್ನು ಗೇಟು, ಕಿಟಕಿ ಸರಳುಗಳಿಗೆ ಪೌಡರ್ ಕೋಟಿಂಗ್ ಮಾಡುವ ಅಂಗಡಿಗೆ ಕೊಡಬೇಡಿ. ಆ ಪುಡಿ ಸುಮಾರು 200 ಡಿಗ್ರಿಯಲ್ಲಿ ಬೇಯುವ ಪ್ಲಾಸ್ಟಿಕ್ಕು, ಮೊದಲ ಸವಾರಿಯಲ್ಲೇ ಹೊಗೆಯೆದ್ದು ಸುಟ್ಟುಹೋಗುತ್ತದೆ. ಸೆರಾಮಿಕ್ ಮಾಡುವವರು ಮೊದಲು ಎಣ್ಣೆಯಂಶವನ್ನು ಸುಟ್ಟು, ಮರಳು ಸಿಡಿಸಿ ಮೈಯನ್ನು ಒರಟು ಮಾಡಿ, ಆಮೇಲೆ ಸಿಂಪಡಿಸಿ ಭಟ್ಟಿಯಲ್ಲಿ ಬೇಯಿಸುತ್ತಾರೆ. ಒಳಗೂ ಲೇಪ ಹಚ್ಚುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ಬೋರ್ ಮಾಡಿಸಿದ ಹೊಸ ಎಂಜಿನ್ನಾದರೆ ಲೇಪದ ಹೆಡರನ್ನು ಮೊದಲ ದಿನವೇ ಹಾಕಬಾರದು, ಟ್ಯೂನಿಂಗ್ ಕೂಡಿಬರುವ ತನಕ ಹಳೆಯ ಮ್ಯಾನಿಫೋಲ್ಡೇ ಇರಲಿ. ಟೈಮಿಂಗ್ ಹಿಂದೆ ಬಿದ್ದು ಪೈಪು ಒಮ್ಮೆ ಕೆಂಪಗೆ ಕಾದರೂ ಸಾಕು, ಬೆಳ್ಳಿ ಲೇಪ ಮಂಕಾಗಿ ಪುಡಿಪುಡಿ ಉದುರುತ್ತದೆ. ಸ್ಟೇನ್‌ಲೆಸ್ ಹಾಕುವವರು ಮೊದಲ ಸ್ಟಾರ್ಟಿಗೆ ಮುಂಚೆ ಪೈಪನ್ನು ಥಿನ್ನರಿನಿಂದ ಒರೆಸಿ ಪೂರ್ತಿ ಆರಲು ಬಿಡಿ. ಗ್ರೀಸ್ ಕೈಯ ಗುರುತು ಒಮ್ಮೆ ಸುಟ್ಟು ಕೂತರೆ ಹೋಗುವುದಿಲ್ಲ. ಎರಡಕ್ಕೂ ಹೊಸ ಗ್ಯಾಸ್ಕೆಟ್ ಹಾಕಿ, ಒಮ್ಮೆ ಬಿಸಿಯಾಗಿ ಪೂರ್ತಿ ಆರಿದ ಮೇಲೆ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿಸಿ.