ಫ್ಲೆಕ್ಸಿನ ಮೇಲೆ ನಗೋರನ್ನ ಕೇಳಿದ್ರಾ?

ಬಾಗಲಗುಂಟೆಯಿಂದ ಹೆಸರಘಟ್ಟ ರಸ್ತೆ ಹಿಡಿದು ಹೊರಟರೆ, ಅಡ್ಮಿಷನ್ ಸೀಸನ್ನಲ್ಲಿ ಕಾಲೇಜು ಜಾಹೀರಾತುಗಳದ್ದೇ ಜಾತ್ರೆ. ಬಸ್ಸಿನ ಹಿಂದೆ, ಕಾಂಪೌಂಡಿನ ಮೇಲೆ ಅದೇ ಚಿತ್ರ: ಲ್ಯಾಪ್‌ಟಾಪ್ ಸುತ್ತ ಕೂತು ನಗೋ ನಾಲ್ಕು ಹುಡುಗ ಹುಡುಗಿಯರು. ಚಿತ್ರ ಚೆನ್ನಾಗಿಲ್ಲ ಅನ್ನೋದು ನನ್ನ ತಕರಾರಲ್ಲ. ಅವರನ್ನ ಯಾರಾದ್ರೂ ಸರಿಯಾಗಿ ಕೇಳಿದ್ರಾ ಅನ್ನೋದು ಪ್ರಶ್ನೆ.

ಕಾಗದದ ಮೇಲೆ ಕೇಳಿರ್ತಾರೆ. ಫಾರಂನ ಕೊನೇಲಿ, ಇಂಗ್ಲಿಷಿನಲ್ಲಿ, ಸಣ್ಣಕ್ಷರದ ಒಂದು ಸಾಲು. ಸಾಲ ಮಾಡಿ ಫೀಸು ಹೊಂದಿಸಿದ ಅಪ್ಪನ ಪಕ್ಕ ನಿಂತಿರೋ ಹುಡುಗಿ ‘ಇದಕ್ಕೆ ಸಹಿ ಹಾಕಲ್ಲ’ ಅಂತಾಳಾ? ಇಂಟರ್ನಲ್ಸ್ ಮಾರ್ಕ್ಸ್ ಕೊಡೋ ಮೇಷ್ಟ್ರೇ ‘ಸ್ವಲ್ಪ ಈ ಕಡೆ ನಿಂತ್ಕೊಳಮ್ಮ’ ಅಂದ್ರೆ? ಸಾಫ್ಟ್‌ವೇರಿನವರಾದ ನಮಗೆ ಇದು ಚೆನ್ನಾಗಿ ಗೊತ್ತು. ಮೊದಲೇ ಟಿಕ್ ಹಾಕಿಟ್ಟ ‘ಐ ಅಗ್ರೀ’ ಇದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥದ್ದನ್ನ ಒಪ್ಪಿಗೆ ಅನ್ನೋಲ್ಲ. ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದೆ, ಇಂಥದ್ದಕ್ಕೇ ಅಂತ ನಿರ್ದಿಷ್ಟವಾಗಿರಬೇಕು. ಕೊಟ್ಟಷ್ಟೇ ಸಲೀಸಾಗಿ ವಾಪಸ್ ಪಡೆಯೋಕೂ ಆಗಬೇಕು. ಕನ್ನಡದಲ್ಲಿ ಓದೋ ಆಯ್ಕೆ ಇರಬೇಕು. 18 ತುಂಬದವರಾದ್ರೆ ಪೋಷಕರನ್ನ ಕೇಳಬೇಕು. ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ. ಇವೆಲ್ಲ ಜಾರಿಯಾಗೋಕೆ ಅಲ್ಲಿಂದ 18 ತಿಂಗಳ ಗಡುವು.

‘ನಿರ್ದಿಷ್ಟ’ ಅನ್ನೋದು ಯಾಕೆ ಮುಖ್ಯ? ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯ 2000ರಲ್ಲಿ ಡಯಾಲೋ ಶಬಾಜ್ ಅನ್ನೋ ಕಪ್ಪು ವಿದ್ಯಾರ್ಥಿಯ ಮುಖವನ್ನ ಫುಟ್‌ಬಾಲ್ ನೋಡ್ತಿದ್ದ ಬಿಳಿಯರ ಗುಂಪಿನ ಚಿತ್ರಕ್ಕೆ ಅಂಟಿಸಿ, ಪ್ರವೇಶ ಪುಸ್ತಿಕೆಯ ಮುಖಪುಟ ಮಾಡಿತ್ತು. ಅವರು ಅಲ್ಲಿನ ಒಂದು ಪಂದ್ಯಕ್ಕೂ ಹೋದವರಲ್ಲ.

ಇದಕ್ಕಿಂತ ಜಾಣತನದ ನಿಯಮ ನಮ್ಮ ಕೋಚಿಂಗ್ ಸೆಂಟರ್‌ಗಳಿಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ನವೆಂಬರ್ ಮಾರ್ಗಸೂಚಿ ಪ್ರಕಾರ, ಪಾಸಾದವರ ಹೆಸರು, ಫೋಟೋ ಹಾಕೋಕೆ ಲಿಖಿತ ಒಪ್ಪಿಗೆ ಬೇಕು. ಅದನ್ನೂ ಆಯ್ಕೆಯಾದ ಮೇಲೇ ತಗೋಬೇಕು. ಸೇರುವಾಗ ವಿದ್ಯಾರ್ಥಿಗೆ ಸಂಸ್ಥೆ ಬೇಕು, ಗೆದ್ದ ಮೇಲೆ ಸಂಸ್ಥೆಗೆ ವಿದ್ಯಾರ್ಥಿ ಬೇಕು. ಆಗ ‘ಬೇಡ’ ಅನ್ನೋ ಧೈರ್ಯ ಬರುತ್ತೆ. ಕಾಲೇಜುಗಳಿಗೂ ಇದೇ ಯಾಕಿರಬಾರ್ದು?

‘ಫೋಟೋ ಬಂದ್ರೆ ಖುಷಿಪಡ್ತಾರೆ ಬಿಡ್ರೀ’ ಅನ್ನಬಹುದು. ನಿಜ. ನಮ್ಮೂರ ಕಡೆ ಹುಟ್ಟುಹಬ್ಬಕ್ಕೆ ಸ್ವಂತ ದುಡ್ಡಲ್ಲಿ ಫ್ಲೆಕ್ಸ್ ಹಾಕಿಸ್ಕೊಳ್ಳೋರಿದ್ದಾರೆ. ಆದ್ರೆ ಯಾವ ಫೋಟೋ, ಯಾವ ಸರ್ಕಲ್ಲು, ಎಷ್ಟು ದಿನ ಅನ್ನೋದು ಅವರದೇ ತೀರ್ಮಾನ. ಮನೇಲಿ ಜಗಳ ಆಡಿ ಓದೋಕೆ ಬಂದ ಹುಡುಗಿಗೆ, ಹುಡುಗರ ಪಕ್ಕ ನಗ್ತಾ ಕೂತಿರೋ ಅದೇ ಚಿತ್ರ ಊರಿನ ವಾಟ್ಸಾಪ್ ಗ್ರೂಪಿಗೆ ಬಂದ್ರೆ ಓದೇ ನಿಲ್ಲಬಹುದು.

ಮಾಡಬೇಕಾದ್ದು ದೊಡ್ಡದೇನಲ್ಲ. ತೆಗೆದ ಫೋಟೋನ ಮೊದಲು ಅವರಿಗೇ ತೋರಿಸಿ. ಎಲ್ಲಿ ಹಾಕ್ತೀರಿ, ಎಷ್ಟು ದಿನ ಅಂತ ಕನ್ನಡದಲ್ಲಿ ಹೇಳಿ. ಕೇಳೋರು ಮಾರ್ಕ್ಸ್ ಕೊಡೋ ಮೇಷ್ಟ್ರಾಗಿರೋದು ಬೇಡ. ಒಲ್ಲೆ ಅಂದ್ರೆ ಕಾರಣ ಕೇಳಬೇಡಿ. ಹಿಂದೆ ಕಸ ಗುಡಿಸ್ತಾ ಫ್ರೇಮಿಗೆ ಸಿಕ್ಕಿಬಿದ್ದ ಅಮ್ಮನನ್ನೂ ಒಂದು ಮಾತು ಕೇಳಿ.